ಬೈಕಿನ ಒಡೆದ ಪ್ಲಾಸ್ಟಿಕ್ಕಿಗೂ ಬೆಸುಗೆ ಹಾಕಬಹುದು!



ಸೈಡ್ ಪ್ಯಾನೆಲ್ ಎಂದರೆ ಬೈಕಿನ ಸೀಟಿನ ಕೆಳಗೆ ಎರಡೂ ಪಕ್ಕದಲ್ಲಿರುವ ಪ್ಲಾಸ್ಟಿಕ್ ಮುಚ್ಚಳ. ಅದು ಬರೀ ಚಂದಕ್ಕೆ ಅಲ್ಲ. ಬಹಳ ಬೈಕುಗಳಲ್ಲಿ ಅದರ ಹಿಂದೆ ಬ್ಯಾಟರಿ, ವೈರು, ಫ್ಯೂಸು ಇರುತ್ತವೆ. ಅದು ಒಡೆದು ಬಿದ್ದರೆ ಮಳೆನೀರು, ಕೆಸರು ಎಲ್ಲಾ ಒಳಗೆ ಹೋಗುತ್ತೆ. ಹಾಲಿನ ಕ್ಯಾನು, ಹುಲ್ಲಿನ ಹೊರೆ ಸಾಗಿಸುವ ಬೈಕುಗಳಲ್ಲಿ ಇದು ಬಿರುಕು ಬಿಡಬಹುದು. ನಮ್ಮ ಚಿಕ್ಕಪ್ಪನ ಬೈಕಿಗೆ ಮೆಕ್ಯಾನಿಕ್ ಅಣ್ಣ ಬೆಸುಗೆ ಹಾಕುವಾಗ ಪಕ್ಕದಲ್ಲಿ ಕೂತು ನೋಡಿ, ಕೇಳಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ.

ಬಿರುಕು ಯಾಕೆ ಬೆಳೆಯುತ್ತೆ?

ಬಟ್ಟೆ ಅಂಗಡಿಯವರು ಬಟ್ಟೆಯ ಅಂಚಿಗೆ ಕತ್ತರಿಯಿಂದ ಸ್ವಲ್ಪ ಕತ್ತರಿಸಿ, ಆಮೇಲೆ ಕೈಯಲ್ಲೇ ಪರ್ ಅಂತ ಹರಿಯುತ್ತಾರಲ್ಲ, ಹಾಗೇ ಇದೂ. ಬಿರುಕಿನ ತುದಿ ಚೂಪಾಗಿರುತ್ತದೆ. ಎಳೆತವೆಲ್ಲಾ ಆ ಒಂದೇ ಜಾಗಕ್ಕೆ ಬೀಳುತ್ತದೆ. ಇಂಜಿನ್ ನಡುಗಿದಷ್ಟೂ ಬಿರುಕು ಮುಂದಕ್ಕೆ ಹೋಗುತ್ತದೆ. ಅದಕ್ಕೇ ತುದಿಯಲ್ಲಿ 2 ಅಥವಾ 3 ಮಿಲಿಮೀಟರಿನ ದುಂಡು ತೂತು ಕೊರೆಯುತ್ತಾರೆ. ದುಂಡಗಿನ ಅಂಚಿನಲ್ಲಿ ಎಳೆತ ಹಂಚಿಹೋಗಿ ಬಿರುಕು ಅಲ್ಲಿಗೇ ನಿಲ್ಲುತ್ತದೆ.

ಯಾವ ಪ್ಲಾಸ್ಟಿಕ್ ಅಂತ ಮೊದಲು ನೋಡಬೇಕು

ಪ್ಯಾನೆಲ್ಲಿನ ಒಳಬದಿಯಲ್ಲಿ ಎ.ಬಿ.ಎಸ್. ಅಥವಾ ಪಿ.ಪಿ. ಎಂದು ಅಚ್ಚಾಗಿರುತ್ತದೆ. (ಇದು ಬ್ರೇಕಿನ ಎ.ಬಿ.ಎಸ್. ಅಲ್ಲ!) ಪಿ.ಪಿ. ಎಂದರೆ ಪಾಲಿಪ್ರೊಪಿಲೀನ್. ಗುರುತು ಇಲ್ಲದಿದ್ದರೆ ಬಣ್ಣವಿಲ್ಲದ ಕಡೆ ಒಂದು ಚೂರು ಕೆರೆದು ನೀರಿಗೆ ಹಾಕಿ. ಸಾಮಾನ್ಯವಾಗಿ ಪಿ.ಪಿ. ತೇಲುತ್ತದೆ, ಎ.ಬಿ.ಎಸ್. ಮುಳುಗುತ್ತದೆ. ಪಿ.ಪಿ.ಗೆ ಮಾಮೂಲಿ ಅಂಟು ಸರಿಯಾಗಿ ಹಿಡಿಯೋದೇ ಇಲ್ಲ. ಅದಕ್ಕೆ ಬಿಸಿ ಬೆಸುಗೆಯೇ ಬೇಕು. ಎರಡು ಜಾತಿಯ ಪ್ಲಾಸ್ಟಿಕ್ ಒಂದಕ್ಕೊಂದು ಬೆರೆಯುವುದಿಲ್ಲ, ಆದ್ದರಿಂದ ತುಂಬಲು ಅದೇ ಜಾತಿಯ ತುಂಡು ಬಳಸಬೇಕು.

ಕೆಲಸದ ಕ್ರಮ

1. ಪ್ಯಾನೆಲ್ ಬಿಚ್ಚಿ ಸೋಪಿನ ನೀರಲ್ಲಿ ತೊಳೆದು ಒಣಗಿಸಬೇಕು. ಎಣ್ಣೆ ಜಿಡ್ಡು ಇರಬಾರದು.
2. ಬಿರುಕಿನ ತುದಿಗೆ ತೂತು ಕೊರೆಯಬೇಕು.
3. ಎರಡೂ ಅಂಚು ಸರಿಯಾಗಿ ಕೂಡಿಸಿ ಹೊರಗಡೆಯಿಂದ ಟೇಪು ಅಂಟಿಸಬೇಕು.
4. ಒಳಬದಿಯಲ್ಲಿ ಬಿರುಕಿನ ಉದ್ದಕ್ಕೂ ನೇಗಿಲ ಸಾಲಿನ ಹಾಗೆ ಗಾಡಿ ಮಾಡಬೇಕು. ದಪ್ಪದ ಅರ್ಧದಷ್ಟು ಆಳ ಸಾಕು.
5. ಬಿಸಿ ಸೋಲ್ಡರಿಂಗ್ ಕಡ್ಡಿಯಿಂದ ಅಂಚುಗಳನ್ನು ಕರಗಿಸಿ ಕೂಡಿಸಬೇಕು. ಬಿಸಿಗೆ ಪ್ಲಾಸ್ಟಿಕ್ಕಿನ ಉದ್ದುದ್ದ ಅಣುಗಳು ಸಡಿಲಾಗಿ, ಜಡೆಯಂತೆ ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಒಂದೇ ಕಡೆ ಹೆಚ್ಚು ಹೊತ್ತು ಇಟ್ಟರೆ ಸುಟ್ಟು ಕಪ್ಪಾಗುತ್ತೆ, ಆಮೇಲೆ ಗಟ್ಟಿ ಇರಲ್ಲ.
6. ಅದರ ಮೇಲೆ ಸಣ್ಣ ಸ್ಟೀಲ್ ಜಾಲರಿ ಇಟ್ಟು ಬಿಸಿ ಕಡ್ಡಿಯಿಂದ ಒಳಕ್ಕೆ ಒತ್ತಿ, ಪ್ಲಾಸ್ಟಿಕ್ ಕರಗಿಸಿ ಮುಚ್ಚಬೇಕು. ಹಳೆಯ ಟೀ ಸೋಸುವ ಜಾಲರಿಯೂ ಆಗುತ್ತದೆ.
7. ತಾನಾಗಿಯೇ ಆರಲು ಬಿಡಬೇಕು. ಆರಿದ ಮೇಲೆ ಹೊರಗಿನ ಟೇಪು ತೆಗೆದು, ಉಪ್ಪುಕಾಗದದಿಂದ ಉಜ್ಜಿ ಬಣ್ಣ ಹೊಡೆಯಬಹುದು.

ಮತ್ತೆ ಕೂರಿಸುವಾಗ ಬೋಲ್ಟಿನ ಕೆಳಗಿನ ರಬ್ಬರ್ ವಾಷರ್ ಮರೆಯಬಾರದು. ನಡುಕವನ್ನು ತಡೆಯುವುದೇ ಅದು. ಬೋಲ್ಟನ್ನು ಅತಿಯಾಗಿ ಬಿಗಿದರೂ ಮತ್ತೆ ಸೀಳುತ್ತದೆ.

ಎಚ್ಚರಿಕೆ!

ಸೋಲ್ಡರಿಂಗ್ ಕಡ್ಡಿಯ ತುದಿ 300 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಕಾಯುತ್ತದೆ. ಪ್ಲಾಸ್ಟಿಕ್ ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಆದ್ದರಿಂದ ಈ ಕೆಲಸವನ್ನು ದೊಡ್ಡವರೇ ಗಾಳಿ ಆಡುವ ಕಡೆ ಮಾಡಬೇಕು, ನಾವು ದೂರದಿಂದ ನೋಡಬೇಕು.

ಇನ್ನೊಂದು ಮುಖ್ಯ ಮಾತು. ಬಹಳಷ್ಟು ಹೆಲ್ಮೆಟ್ಟಿನ ಹೊರಚಿಪ್ಪೂ ಎ.ಬಿ.ಎಸ್. ಪ್ಲಾಸ್ಟಿಕ್ಕೇ. ಆದರೆ ಬಿರುಕು ಬಿಟ್ಟ ಹೆಲ್ಮೆಟ್ಟಿಗೆ ಬೆಸುಗೆ, ಅಂಟು ಏನೂ ಹಾಕಬಾರದು. ಅದರೊಳಗಿನ ಥರ್ಮೋಕೋಲಿನಂಥ ಪದರ ಒಂದು ಸಲ ಜೋರು ಪೆಟ್ಟಿಗೆ ನಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಇನ್ನೊಂದು ಪೆಟ್ಟನ್ನು ತಡೆಯುವುದಿಲ್ಲ. ಪ್ಯಾನೆಲ್ ಮತ್ತೆ ಒಡೆದರೆ ಮತ್ತೆ ಬೆಸೆಯಬಹುದು. ತಲೆ ಒಡೆದರೆ? ನಿಮ್ಮ ಮನೆಯ ಹೆಲ್ಮೆಟ್ಟನ್ನು ಇವತ್ತೇ ತಿರುಗಿಸಿ ನೋಡಿ, ಬಿರುಕಿದ್ದರೆ ಅಪ್ಪನಿಗೆ ಹೇಳಿ.

ನಿಮಗಿದು ಗೊತ್ತೇ?

ಎಲ್ಲಾ ಪ್ಲಾಸ್ಟಿಕ್ಕೂ ಕರಗುವುದಿಲ್ಲ. 1907ರಲ್ಲಿ ಲಿಯೋ ಬೇಕ್‌ಲ್ಯಾಂಡ್ ಎಂಬ ವಿಜ್ಞಾನಿ ಕಂಡುಹಿಡಿದ ಬೇಕಲೈಟ್ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗದು. ಕುಕ್ಕರಿನ ಹಿಡಿಕೆಗಳನ್ನು ಅದರಿಂದ ಮಾಡುವುದು ಅದಕ್ಕೇ!

— 7ನೇ ತರಗತಿ