ಮೊಮ್ಮಗನ ಗೋ-ಕಾರ್ಟಿಗೆ ಯಾವ ಬೆಸುಗೆ?

"ತಾತ, ರೇಡಿಯೋ ರಿಪೇರಿಯ ಬೆಸುಗೆಯಿಂದಲೇ ನಮ್ಮ ಗೋ-ಕಾರ್ಟಿನ ಚೌಕಟ್ಟು ಜೋಡಿಸೋಣವೇ?" ಎಂದ ಮೊಮ್ಮಗ. ಬ್ಯಾಂಕಿನಲ್ಲಿ ಲೆಕ್ಕ ಬರೆದ ನಾನು ಇದಕ್ಕೂ ಲೆಕ್ಕ ಹಾಕಿದೆ.

ರೇಡಿಯೋ ಬೆಸುಗೆಯ ತವರ-ಸೀಸ 200 ಡಿಗ್ರಿಯೊಳಗೇ ಕರಗುವ ಮೆದು ಲೋಹ. ತಂತಿಯನ್ನು ಹಿಡಿದೀತು, ಹುಡುಗನ ಭಾರವನ್ನಲ್ಲ.

ನಟ್ಟು-ಬೋಲ್ಟು ಸುಲಭ. ಆದರೆ ಗೋ-ಕಾರ್ಟಿಗೆ ಸಾಮಾನ್ಯವಾಗಿ ಸ್ಪ್ರಿಂಗ್ ಇರುವುದಿಲ್ಲ. ನೆಲದ ಕುಲುಕಾಟವೆಲ್ಲ ಚೌಕಟ್ಟಿಗೇ. ಅದುರಿ ಅದುರಿ ನಟ್ಟು ಸಡಿಲವಾಗುತ್ತದೆ, ತೂತು ಕೊರೆದಲ್ಲಿ ಪೈಪು ದುರ್ಬಲವಾಗುತ್ತದೆ.

ಹಿತ್ತಾಳೆ ಬೆಸುಗೆಯಲ್ಲಿ ಪೈಪು ಕರಗದು. ಹಿತ್ತಾಳೆ ಕರಗಿ ಸಂದಿಗಿಳಿಯುತ್ತದೆ. ಎಷ್ಟೋ ಹಳೆಯ ಸೈಕಲ್ಲುಗಳು ಹೀಗೇ ಆದವು. ಆದರೆ ಸಂದಿ ಬಿಗಿಯಾಗಿ ಕೂರಬೇಕು. ವೆಲ್ಡಿಂಗ್‌ನಲ್ಲಿ ಪೈಪಿನ ಅಂಚುಗಳೇ ಕರಗಿ ಒಂದಾಗುತ್ತವೆ. ನಾವು ಅದನ್ನೇ ಆರಿಸಿದೆವು.

ಖರ್ಚು ಉಳಿಸಲು ಅಟ್ಟದಲ್ಲಿದ್ದ ಹಳೇ ಜಿ.ಐ. ಪೈಪು ಒಯ್ದೆ. ವೆಲ್ಡರ್ ಒಪ್ಪಲಿಲ್ಲ: "ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತೆ ಸಾರ್, ಜೋಡಣೆಯೂ ಕೆಡುತ್ತೆ." ಹೊಸ ಎಂ.ಎಸ್. ಪೈಪು ಕೊಂಡೆ. ಸೀಟಿಗೆ ಮಾತ್ರ ಬೋಲ್ಟು, ಸಡಿಲವಾಗದ ನೈಲಾನ್ ನಟ್ಟು.

ಮಕ್ಕಳೇ, ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿನಿಂದ ನೋಡಬೇಡಿ. ಅಜ್ಜಂದಿರೇ, ಪ್ರತಿ ಸವಾರಿಗೂ ಮುಂಚೆ ಬೆಸುಗೆಯಲ್ಲಿ ಬಿರುಕಿದೆಯೇ ನೋಡಿ. ಉಳಿತಾಯ ಬೇರೆ ಕಡೆ ಮಾಡೋಣ.