ವ್ಯಾಯಾಮದ ಸೈಕಲ್ಲು: ಉಪಕರಣವೋ, ಪರಿಗ್ರಹವೋ?

ಮೈಸೂರಿನ ಮೂಲಕ ಸಾಗುವ 766ನೇ ರಾಷ್ಟ್ರೀಯ ಹೆದ್ದಾರಿಯು ಒಂದು ದಿಕ್ಕಿನಲ್ಲಿ ನಂಜನಗೂಡನ್ನೂ ಇನ್ನೊಂದು ದಿಕ್ಕಿನಲ್ಲಿ ತಿರುಮಕೂಡಲು ನರಸೀಪುರವನ್ನೂ ಮುಟ್ಟುತ್ತದೆ. ಈ ಎರಡು ಊರುಗಳ ಸುತ್ತಲಿನ ಹಿರಿಯರಿಗೆ ವ್ಯಾಯಾಮವೆಂಬುದು ಬೇರೆಯಾಗಿ ಮಾಡಬೇಕಾದ ಕೆಲಸವಾಗಿರಲಿಲ್ಲ. ಭತ್ತದ ಗದ್ದೆ, ಕಬ್ಬಿನ ಹೊಲ, ಹೊಳೆಯ ದಂಡೆ, ಸಂತೆಯ ಹಾದಿಗಳೇ ದೇಹವನ್ನು ದಣಿಸುತ್ತಿದ್ದವು. ಇಂದು ಕಾರ್ಖಾನೆಯ ಕಚೇರಿ, ಅಂಗಡಿಯ ಗಲ್ಲಾಪೆಟ್ಟಿಗೆ, ಮೈಸೂರಿಗೆ ಹೋಗಿಬರುವ ಬಸ್ಸು ಇವುಗಳ ನಡುವೆ ದಿನವೆಲ್ಲ ಕುಳಿತೇ ಕಳೆಯುವವರು ಅನೇಕರು. ಮಧುಮೇಹವೋ ರಕ್ತದೊತ್ತಡವೋ ಕಾಣಿಸಿಕೊಂಡಾಗ ವೈದ್ಯರು ನಡೆಯಿರಿ, ದೇಹವನ್ನು ದುಡಿಸಿರಿ ಎನ್ನುತ್ತಾರೆ. ಆಗ ಮನೆಯವರ ಮೊಬೈಲಿನಲ್ಲಿ ಒಂದು ಯಂತ್ರದ ಚಿತ್ರ ಮೂಡುತ್ತದೆ: ಇದ್ದಲ್ಲೇ ನಿಂತು ಚಲಿಸದ, ತುಳಿಯಲು ಮಾತ್ರ ಇರುವ ಸೈಕಲ್ಲು.

ಒಂದು ಸಾಧಾರಣ ಕುಟುಂಬವನ್ನು ಊಹಿಸಿಕೊಳ್ಳೋಣ. ತಾಯಿಗೆ ಅರವತ್ತು ದಾಟಿದೆ, ಸಕ್ಕರೆ ಕಾಯಿಲೆಯಿದೆ. ಮಗನ ತಲೆಯ ಮೇಲೆ ಮನೆಯ ಸಾಲವಿದೆ, ಮೊಮ್ಮಗಳ ಕಾಲೇಜು ಶುಲ್ಕವಿದೆ. ಸೈಕಲ್ಲಿನ ಬೆಲೆ 60,000 ರೂಪಾಯಿ. ಕಂತಿನಲ್ಲಿ ತೆಗೆದುಕೊಂಡರೆ ತಿಂಗಳಿಗೆ 5,000ದಂತೆ ಒಂದು ವರ್ಷ. ಕೊಂಡರೆ ಮನೆಯ ಖರ್ಚಿಗೆ ಬಿಗಿ. ಕೊಳ್ಳದಿದ್ದರೆ ತಾಯಿಯ ಆರೋಗ್ಯವನ್ನು ಕಡೆಗಣಿಸಿದೆನೆಂಬ ಅಳುಕು. ಇದು ಕೇವಲ ಲೆಕ್ಕಾಚಾರದ ಮಾತೇ, ಇದರಲ್ಲಿ ಧರ್ಮಕ್ಕೇನು ಕೆಲಸ ಎಂದು ಕೇಳಬಹುದು. ಆದರೆ ಜೈನಾಚಾರ್ಯರು ಶ್ರಾವಕನಿಗೆ, ಎಂದರೆ ಗೃಹಸ್ಥನಿಗೆ, ವಿಧಿಸಿದ ವ್ರತಗಳಲ್ಲಿ ಹಲವು ಇಂಥ ಗಳಿಗೆಗಾಗಿಯೇ ಇರುವಂಥವು. ಎಷ್ಟು ಹೊಂದಬೇಕು, ಏಕೆ ಹೊಂದಬೇಕು, ಯೋಚಿಸಿ ಹೊಂದುತ್ತಿದ್ದೇವೆಯೇ ಎಂಬುವು ಆ ವ್ರತಗಳ ಪ್ರಶ್ನೆಗಳು.

ಮೊದಲು ದೇಹದ ವಿಚಾರ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನ ಜೈನ ದರ್ಶನದ ತಿರುಳು. ಹಾಗಾದರೆ ದೇಹದ ಆರೈಕೆಗೆ ಹಣ ಸುರಿಯುವುದೇ ತಪ್ಪೆಂದು ಕೆಲವರು ತೀರ್ಮಾನಿಸಿಬಿಡುತ್ತಾರೆ. ಈ ತೀರ್ಮಾನ ಅವಸರದ್ದು. ನಂಜನಗೂಡಿನ ದಕ್ಷಿಣಕ್ಕೆ, ಚಾಮರಾಜನಗರ ತಾಲ್ಲೂಕಿನ ಮಲೆಯೂರಿನಲ್ಲಿರುವ ಕನಕಗಿರಿಯು ಆಚಾರ್ಯ ಪೂಜ್ಯಪಾದರ ನೆನಪನ್ನು ಉಳಿಸಿಕೊಂಡಿರುವ ಕ್ಷೇತ್ರ. ಇಂದಿನ ನರಸೀಪುರ ತಾಲ್ಲೂಕಿನ ತಲಕಾಡಿನಿಂದ ಆಳಿದ ಗಂಗರಲ್ಲಿ ದುರ್ವಿನೀತನಿಗೆ ಅವರು ಗುರುಗಳಾಗಿದ್ದರೆಂದು ಪರಂಪರೆ ಹೇಳುತ್ತದೆ. ದೇಹವನ್ನೇ ತಾನೆಂದು ಬಗೆಯುವವನನ್ನು ಬಹಿರಾತ್ಮನೆಂದು ತಮ್ಮ ‘ಸಮಾಧಿತಂತ್ರ’ದಲ್ಲಿ ಎಚ್ಚರಿಸಿದವರು ಅವರೇ. ಅವರನ್ನೇ ಪರಂಪರೆ ವೈದ್ಯಶಾಸ್ತ್ರಕಾರರೆಂದೂ ಗೌರವಿಸುತ್ತದೆ. ಅವರ ಹೆಸರಿನಲ್ಲಿ ಪ್ರಸಿದ್ಧವಾದ ‘ಕಲ್ಯಾಣಕಾರಕ’ವನ್ನು ಆಧರಿಸಿ ಜಗದ್ದಳ ಸೋಮನಾಥನು ಕನ್ನಡದಲ್ಲಿ ವೈದ್ಯಗ್ರಂಥ ರಚಿಸಿದನು. ದೇಹ ನಾನಲ್ಲ ಎಂದು ತಿಳಿದವರೇ ರೋಗಕ್ಕೆ ಮದ್ದನ್ನೂ ಚಿಂತಿಸಿದರು. ಸಾಮಾಯಿಕಕ್ಕೆ ಕುಳಿತುಕೊಳ್ಳಲು, ಬಸದಿಗೆ ನಡೆಯಲು, ಅತಿಥಿಗೆ ಅನ್ನವಿಕ್ಕಲು ಈ ದೇಹವೇ ಬೇಕು. ದೇಹವನ್ನು ಪೂಜಿಸುವುದು ಬೇರೆ, ಕೆಲಸಕ್ಕೆ ತಕ್ಕಂತೆ ಕಾಪಾಡಿಕೊಳ್ಳುವುದು ಬೇರೆ.

ಇನ್ನು ವಸ್ತುವಿನ ವಿಚಾರ. ಸರ್ವಸಂಗ ಪರಿತ್ಯಾಗಿಯಾದ ದಿಗಂಬರ ಮುನಿಯ ಬಳಿಯೂ ಮೂರು ವಸ್ತುಗಳಿರುತ್ತವೆ. ಜೀವಗಳನ್ನು ಮೆಲ್ಲನೆ ಸರಿಸಲು ನವಿಲುಗರಿಯ ಪಿಂಛಿ, ಶೌಚಕ್ಕೆ ಕಮಂಡಲು, ಅಧ್ಯಯನಕ್ಕೆ ಶಾಸ್ತ್ರ. ಇವು ಪರಿಗ್ರಹವಲ್ಲ, ಉಪಕರಣಗಳು. ಸಂಯಮ, ಶುಚಿ, ಜ್ಞಾನ ಎಂಬ ಮೂರು ಪ್ರಯೋಜನಗಳಿಗೆ ಅವು ಬೇಕು. ಪ್ರಯೋಜನವಿಲ್ಲದೆ ಅವುಗಳಿಗೆ ಬೆಲೆಯಿಲ್ಲ. ಆಚಾರ್ಯ ಉಮಾಸ್ವಾಮಿಯವರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ವಸ್ತುವಿನ ಗಾತ್ರದಿಂದಾಗಲೀ ಬೆಲೆಯಿಂದಾಗಲೀ ಅಳೆಯಲಿಲ್ಲ. ಮೂರ್ಛೆಯಿಂದ, ಅಂದರೆ ನನ್ನದೆಂಬ ಮೋಹದಿಂದ, ಅಳೆದರು. ಶಾಸ್ತ್ರಕಾರರು ಹೊಲ, ಮನೆ, ಚಿನ್ನ ಮೊದಲಾದ ಹತ್ತನ್ನು ಬಾಹ್ಯ ಪರಿಗ್ರಹವೆಂದೂ ಮಿಥ್ಯಾತ್ವ, ಕ್ರೋಧ, ಮಾನ, ಲೋಭ ಮೊದಲಾದ ಹದಿನಾಲ್ಕನ್ನು ಅಂತರಂಗದ ಪರಿಗ್ರಹವೆಂದೂ ಎಣಿಸಿದ್ದಾರೆ. ಸೈಕಲ್ಲು ಬಾಗಿಲಿನಿಂದ ಒಳಬರುವಾಗ ಅದರ ಜೊತೆಯಲ್ಲಿ ಹದಿನಾಲ್ಕರಲ್ಲಿ ಯಾವುದು ಒಳಬರುತ್ತಿದೆ ಎಂದು ನೋಡಿಕೊಳ್ಳಬೇಕು. ಎದುರು ಮನೆಯವರು ಕೊಂಡರೆಂದು ಕೊಳ್ಳುವಲ್ಲಿ ಮಾನವಿದೆ. ನಡೆಯುವ ಬೇಸರವನ್ನು ಹಣ ಕೊಟ್ಟು ಕಳೆದುಕೊಳ್ಳಬಹುದೆಂಬ ಆಸೆಯಲ್ಲಿ ಲೋಭದ ಒಂದು ಸೂಕ್ಷ್ಮ ರೂಪವಿದೆ.

ಗೃಹಸ್ಥನ ವ್ರತಗಳಲ್ಲಿ ಅನರ್ಥದಂಡ ವಿರತಿ ಎಂಬುದೊಂದು. ಪ್ರಯೋಜನವಿಲ್ಲದೆ ಆಗುವ ಪಾಪದಿಂದ ದೂರವಿರುವುದು ಅದರ ಅರ್ಥ. ಈ ವ್ರತಕ್ಕೆ ಉಮಾಸ್ವಾಮಿಯವರು ಹೇಳಿರುವ ಐದು ಅತಿಚಾರಗಳಲ್ಲಿ, ಅಂದರೆ ದೋಷಗಳಲ್ಲಿ, ಕೊನೆಯ ಎರಡು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಅಸಮೀಕ್ಷ್ಯಾಧಿಕರಣವೆಂದರೆ ಪ್ರಯೋಜನವನ್ನು ವಿವೇಚಿಸದೆ ಕಾರ್ಯಕ್ಕಿಳಿಯುವುದು. ಉಪಭೋಗ ಪರಿಭೋಗ ಅನರ್ಥಕ್ಯವೆಂದರೆ ಬೇಕಾದುದಕ್ಕಿಂತ ಹೆಚ್ಚು ಭೋಗಸಾಮಗ್ರಿಯನ್ನು ಕೂಡಿಹಾಕುವುದು. ಬಟ್ಟೆ ಒಣಗಿಸುವ ಗೂಟವಾಗಿ ಕೋಣೆಯ ಮೂಲೆ ಸೇರಿದ ವ್ಯಾಯಾಮ ಯಂತ್ರವು ಈ ಎರಡಕ್ಕೂ ಉದಾಹರಣೆ. ಅದನ್ನು ಮಾಡಲು ಕಬ್ಬಿಣ ಕಾಯಿಸಿದ್ದು, ಸಾಗಿಸಲು ಇಂಧನ ಸುಟ್ಟದ್ದು, ಅದರಿಂದ ಆದ ಜೀವಹಿಂಸೆ ಎಲ್ಲವೂ ಯಾವ ಫಲವನ್ನೂ ಕೊಡದೆ ನಡೆದುಹೋದವು.

ಇದು ನಮ್ಮ ಊರಿನ ದೌರ್ಬಲ್ಯ ಮಾತ್ರವಲ್ಲ. ಅಮೆರಿಕದಲ್ಲಿ 2012ರಲ್ಲಿ ಆರಂಭವಾದ ಪೆಲೊಟಾನ್ ಎಂಬ ಕಂಪನಿ ಪರದೆ ಜೋಡಿಸಿದ ದುಬಾರಿ ಸೈಕಲ್ಲುಗಳಿಗೆ ಹೆಸರಾಯಿತು. 2020ರ ಕೋವಿಡ್ ಕಾಲದಲ್ಲಿ ಜನ ವಾರಗಟ್ಟಲೆ ಕಾದು ಅವನ್ನು ಕೊಂಡರು. ಬಾಗಿಲುಗಳು ತೆರೆದು ಜನ ಹೊರಗೆ ಬಂದಂತೆ ಬೇಡಿಕೆ ಕುಸಿಯಿತು. 2022ರ ಫೆಬ್ರುವರಿಯಲ್ಲಿ ಆ ಕಂಪನಿ ಸುಮಾರು 2,800 ಉದ್ಯೋಗಗಳನ್ನು ಕಡಿತಗೊಳಿಸುವುದಾಗಿ ಪ್ರಕಟಿಸಿತು. ಎರಡು ವರ್ಷದ ಹಿಂದೆ ಅನಿವಾರ್ಯವೆಂದು ತೋರಿದ್ದು ಅನೇಕರಿಗೆ ಅನಿವಾರ್ಯವಾಗಿರಲಿಲ್ಲ. ಇಚ್ಛೆಗೆ ಕಾಲದ ಗುಣವಿದೆ. ಕಾಲ ಬದಲಾದರೆ ಅದೂ ಬದಲಾಗುತ್ತದೆ.

ಆದ್ದರಿಂದ ಇಚ್ಛೆಯನ್ನು ಕಾಲದಿಂದಲೇ ಪರೀಕ್ಷಿಸುವ ಒಂದು ದಾರಿಯನ್ನು ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ತೋರಿಸಿದ್ದಾರೆ. ಒಮ್ಮೆ ಬಳಸಿ ಮುಗಿಯುವುದು ಭೋಗ, ಮತ್ತೆ ಮತ್ತೆ ಬಳಸುವಂಥದ್ದು ಉಪಭೋಗ. ಎರಡಕ್ಕೂ ಮಿತಿ ಹಾಕಿಕೊಳ್ಳುವುದು ಭೋಗೋಪಭೋಗ ಪರಿಮಾಣ ವ್ರತ. ಈ ಮಿತಿಯಲ್ಲಿ ಎರಡು ಬಗೆ: ಬದುಕಿರುವವರೆಗೂ ಹಿಡಿದದ್ದು ಯಮ, ಇಂತಿಷ್ಟು ಕಾಲಕ್ಕೆಂದು ಹಿಡಿದದ್ದು ನಿಯಮ. ನಿಯಮವನ್ನು ಒಂದು ದಿನಕ್ಕೆ, ಒಂದು ಪಕ್ಷಕ್ಕೆ, ಒಂದು ತಿಂಗಳಿಗೆ, ಒಂದು ಋತುವಿಗೆ, ಒಂದು ಅಯನಕ್ಕೆ ಹೀಗೆ ಶಕ್ತಿಯರಿತು ತೆಗೆದುಕೊಳ್ಳಬಹುದು.

ಸೈಕಲ್ಲಿನ ವಿಚಾರದಲ್ಲಿ ಒಂದು ಋತುವಿನ ನಿಯಮ ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಂತೆ ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಶ್ರಮ ಬೇಕು. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಸಾಮಾಯಿಕದ ಒಂದು ಮುಹೂರ್ತ 48 ನಿಮಿಷ. ಈ ಶ್ರಮ ಅದಕ್ಕಿಂತಲೂ ಕಡಿಮೆ ಅವಧಿಯದು. ಎರಡು ತಿಂಗಳ ಕಾಲ ಯಂತ್ರವನ್ನು ಕೊಳ್ಳುವುದಿಲ್ಲ, ಆದರೆ ವೈದ್ಯರ ಸಲಹೆಯಂತೆ ಅರ್ಧ ಗಂಟೆಯ ನಡಿಗೆಯನ್ನು ಬಿಡುವುದಿಲ್ಲ ಎಂದು ಸಂಕಲ್ಪಿಸಬೇಕು. ನಂಜನಗೂಡಿನವರಿಗೆ ದೇವಾಲಯದ ಸುತ್ತಲಿನ ರಥಬೀದಿಯಿದೆ, ನರಸೀಪುರದವರಿಗೆ ಗುಂಜಾ ನರಸಿಂಹಸ್ವಾಮಿ ಗುಡಿಯ ಬಳಿಯ ಹೊಳೆದಂಡೆಯಿದೆ. ನೆಲವನ್ನು ನೋಡುತ್ತ, ಇರುವೆಗೂ ನೋವಾಗದಂತೆ ಹೆಜ್ಜೆಯಿಡುವುದನ್ನು ಮುನಿಗಳು ಈರ್ಯಾಸಮಿತಿಯೆಂದು ಪಾಲಿಸುತ್ತಾರೆ. ಗೃಹಸ್ಥನ ನಡಿಗೆಗೂ ಅದರ ಒಂದು ಅಂಶ ಬಂದರೆ ವ್ಯಾಯಾಮದ ಜೊತೆಗೆ ಎಚ್ಚರವೂ ಅಭ್ಯಾಸವಾಗುತ್ತದೆ.

ಎರಡು ತಿಂಗಳ ಕೊನೆಗೆ ಉತ್ತರ ತಾನಾಗಿ ಸ್ಪಷ್ಟವಾಗುತ್ತದೆ. ನಿಯಮ ಸರಾಗವಾಗಿ ನಡೆದಿದ್ದರೆ ಯಂತ್ರ ಬೇಕಾಗಿಯೇ ಇರಲಿಲ್ಲ. ಮನಸ್ಸಿಲ್ಲದೆ ನಿಯಮ ಮುರಿದಿದ್ದರೆ, ನಡೆಯಲು ಏಳದ ಮನಸ್ಸು ತುಳಿಯಲೂ ಏಳದು. 60,000 ರೂಪಾಯಿ ಸಂಕಲ್ಪವನ್ನು ತಂದುಕೊಡಲಾರದು. ಆದರೆ ಮೂರನೆಯ ಸಾಧ್ಯತೆಯೂ ಇದೆ. ಮನಸ್ಸಿದ್ದೂ ಮೊಣಕಾಲಿನ ನೋವು ನಡೆಯಲು ಬಿಡದಿರಬಹುದು, ಹೆದ್ದಾರಿಯ ವಾಹನಗಳ ನಡುವೆ ವಯಸ್ಸಾದವರಿಗೆ ರಸ್ತೆ ದಾಟುವುದೇ ಅಪಾಯವಾಗಿರಬಹುದು. ಮಳೆಗಾಲದಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದಲೇ ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಗೃಹಸ್ಥನೂ ಆ ಕಾಲದಲ್ಲಿ ಓಡಾಟ ತಗ್ಗಿಸುವುದು ಯುಕ್ತವೇ. ಇಂಥ ಕಾರಣಗಳಿದ್ದಲ್ಲಿ ಸೈಕಲ್ಲು ನಿಜವಾಗಿ ಉಪಕರಣ. ಅಲ್ಲಿ ಅಪರಿಗ್ರಹದ ಹೆಸರು ಹೇಳಿ ತಾಯಿಗೆ ಅದನ್ನು ನಿರಾಕರಿಸುವುದು ಧರ್ಮವಲ್ಲ, ಜಿಪುಣತನ. ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನು ಗಂಗರ ಮಂತ್ರಿಯಾಗಿ ಸಿರಿಯ ನಡುವೆಯೇ ಬದುಕಿದ ಶ್ರಾವಕ. ಪರಿಮಾಣವೆಂದರೆ ಬಡತನವಲ್ಲ.

ಕೊಳ್ಳುವುದೆಂದು ತೀರ್ಮಾನವಾದ ಮೇಲೂ ವ್ರತದ ಕೆಲಸ ಮುಗಿಯದು. ತುಳಿಯಲು ಬೇಕಾದುದು ಭದ್ರವಾದ ಚೌಕಟ್ಟು, ಎತ್ತರ ಹೊಂದಿಸಬಹುದಾದ ಆಸನ, ಭಾರವನ್ನು ಹೆಚ್ಚುಕಡಿಮೆ ಮಾಡುವ ತಿರುಪು. ದೊಡ್ಡ ಪರದೆ ಮತ್ತು ತಿಂಗಳು ತಿಂಗಳೂ ಶುಲ್ಕ ಕೇಳುವ ಪಾಠಗಳು ಕಾಲಿನ ಕೆಲಸಕ್ಕೆ ಸೇರಿದವಲ್ಲ. ಸರಳವಾದುದನ್ನು, ಸಾಧ್ಯವಾದರೆ ಬಳಸಿದ್ದನ್ನು, ಸಾಲವಿಲ್ಲದೆ ತೆಗೆದುಕೊಂಡರೆ ಉಳಿದ ಹಣದಲ್ಲಿ ಒಂದು ಪಾಲನ್ನು ಔಷಧದಾನಕ್ಕೆ ಮೀಸಲಿಡಬಹುದು. ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ಚತುರ್ವಿಧ ದಾನದಲ್ಲಿ ಸೇರಿಸಿದವರಿಗೆ ರೋಗಿಯ ಕಷ್ಟ ಗೊತ್ತಿತ್ತು. ಹೊಸ ವಸ್ತು ಮನೆಗೆ ಬರುವ ದಿನ ಬಳಸದ ಒಂದು ಹಳೆಯ ವಸ್ತು ಬೇಕಾದವರ ಮನೆಗೆ ಹೋಗಲಿ. ಒಂದು ಋತು ಪೂರ್ತಿ ಯಾರೂ ತುಳಿಯದಿದ್ದರೆ ಸೈಕಲ್ಲನ್ನೂ ಕೊಟ್ಟುಬಿಡುವೆವೆಂಬ ನಿಯಮವನ್ನು ಮನೆಯವರೆಲ್ಲ ಕೊಳ್ಳುವ ಮುನ್ನವೇ ಒಪ್ಪಿಕೊಳ್ಳಲಿ.

ತುಳಿಯುವಾಗ ನೆನಪಿಡಬೇಕಾದ ಇನ್ನೊಂದು ಮಾತಿದೆ. ಬಾಹ್ಯ ತಪಸ್ಸುಗಳಲ್ಲಿ ಕಾಯಕ್ಲೇಶವೂ ಒಂದು ನಿಜ. ಆದರೆ ಬೆವರು ಹರಿದ ಮಾತ್ರಕ್ಕೆ ಅದು ತಪವಾಗದು. ಕರ್ಮನಿರ್ಜರೆಯ ಉದ್ದೇಶವಿದ್ದಾಗ ಮಾತ್ರ ತಪ. ಅದೇ ಪಟ್ಟಿಯಲ್ಲಿ ಅವಮೌದರ್ಯವೂ ಇದೆ: ಹೊಟ್ಟೆ ತುಂಬುವ ಮೊದಲೇ ಊಟ ನಿಲ್ಲಿಸುವುದು. ಸೂರ್ಯಾಸ್ತದೊಳಗೆ ಮಿತವಾಗಿ ಉಣ್ಣುವ ಅಭ್ಯಾಸಕ್ಕೆ ಯಾವ ಕಂತೂ ಇಲ್ಲ. ಯಂತ್ರ ಕೊಳ್ಳುವ ಮನೆಯಲ್ಲಾಗಲಿ, ಕೊಳ್ಳದ ಮನೆಯಲ್ಲಾಗಲಿ, ವೈದ್ಯರನ್ನು ಕೇಳಿ ಅದನ್ನು ಇಂದಿನ ಸಂಜೆಯಿಂದಲೇ ಆರಂಭಿಸಬಹುದು.