ಪ್ರಶ್ನೆಯೇ ಗುರು: ಡಾ. ಎಚ್. ನರಸಿಂಹಯ್ಯನವರನ್ನು ನೆನೆಯುತ್ತ

ನಾನು ಯಲಹಂಕದ ಮಗ್ಗುಲಲ್ಲಿರುವ ಪುಟ್ಟೇನಹಳ್ಳಿಯ ನಿವಾಸಿ. ಕಾಲೇಜೊಂದರಲ್ಲಿ ಭೌತಶಾಸ್ತ್ರವನ್ನು ಬೋಧಿಸುವುದು ನನ್ನ ವೃತ್ತಿ. ಈ ಲೇಖನಕ್ಕೆ ಕಾರಣವಾದುದು ನನ್ನದೇ ಒಂದು ತಪ್ಪು. ಆದುದರಿಂದ ಅದನ್ನೇ ಮೊದಲು ಹೇಳಿಬಿಡುವುದು ನ್ಯಾಯ.

ಒಂದು ದಿನ ತರಗತಿಯಲ್ಲಿ ಉಷ್ಣದ ಪಾಠ ನಡೆದಿತ್ತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, "ಸಾರ್, ನಮ್ಮಜ್ಜಿ ಊರ ಜಾತ್ರೆಯಲ್ಲಿ ಕೊಂಡ ಹಾಯ್ದಿದ್ದಾರೆ. ಕಾಲು ಸುಡಲಿಲ್ಲ. ಅದಕ್ಕೆ ಫಿಸಿಕ್ಸು ಏನು ಹೇಳುತ್ತೆ?" ಎಂದು ಕೇಳಿದನು. ಪಾಠವನ್ನು ಬೇಗ ಮುಗಿಸಬೇಕೆಂಬ ಆತುರದಲ್ಲಿದ್ದ ನಾನು, "ನಿಮ್ಮಜ್ಜಿಯನ್ನೇ ಇಲ್ಲಿ ಪಾಠಕ್ಕೆ ಕರೆಸೋಣ, ಬಿಡು" ಎಂದುಬಿಟ್ಟೆನು. ತರಗತಿ ನಕ್ಕಿತು. ಹುಡುಗನು ಕುಳಿತನು. ಅನಂತರ ಹಲವು ತಿಂಗಳುಗಳವರೆಗೆ ಅವನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಆ ಮೌನದ ಅರ್ಥ ನನಗೆ ಹೊಳೆದುದು ಡಾ. ಎಚ್. ನರಸಿಂಹಯ್ಯನವರ ವಿಷಯದಲ್ಲಿ ಉಪನ್ಯಾಸವೊಂದನ್ನು ಸಿದ್ಧಪಡಿಸುತ್ತಿದ್ದಾಗ. 2005ರ ಜನವರಿ 31ರಂದು ಅವರು ತೀರಿಕೊಂಡಾಗ ನಾನು ಇನ್ನೂ ಶಾಲೆಯ ಹುಡುಗ. ಅವರನ್ನು ಹತ್ತಿರದಿಂದ ಕಂಡವನಲ್ಲ. ಆದರೆ ಪ್ರಶ್ನೆ ಕೇಳುವವನಿಗೆ ಮರ್ಯಾದೆ ಸಲ್ಲಬೇಕೆಂಬುದನ್ನು ಬಾಳಿನುದ್ದಕ್ಕೂ ಸಾರಿದ ಆ ಹಿರಿಯರ ಮುಂದೆ ನಾನು ತಪ್ಪಿತಸ್ಥನಾಗಿ ನಿಂತಂತಾಯಿತು.

ನರಸಿಂಹಯ್ಯನವರು ಹುಟ್ಟಿದುದು 1920ರ ಜೂನ್ 6ರಂದು, ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ. ಬಡತನದ ಮನೆ. ಓದಿನ ಹಂಬಲದಿಂದ ಊರಿನಿಂದ ಬೆಂಗಳೂರಿಗೆ ಕಾಲ್ನಡಿಗೆಯಲ್ಲಿ ಬಂದು ಬಸವನಗುಡಿಯ ನ್ಯಾಷನಲ್ ಹೈಸ್ಕೂಲನ್ನು ಸೇರಿದರು. 1936ರಲ್ಲಿ ಗಾಂಧೀಜಿಯವರು ಆ ಶಾಲೆಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಿಸಿ ಹೇಳಿದ ಬಾಲಕ ಇವರೇ. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದುತ್ತಿದ್ದಾಗ 1942ರ ಚಳವಳಿಗೆ ಧುಮುಕಿ ಸೆರೆಮನೆಯನ್ನು ಕಂಡರು. ಮುಂದೆ ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕರಾದರು, ಪ್ರಿನ್ಸಿಪಾಲರಾದರು. ನಡುವೆ ಅಮೆರಿಕದ ಓಹಾಯೋ ರಾಜ್ಯ ವಿಶ್ವವಿದ್ಯಾನಿಲಯಕ್ಕೆ ಹೋಗಿ, 1960ರಲ್ಲಿ ಪರಮಾಣು ಬೀಜದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದರು. ಮದುವೆಯಾಗಲಿಲ್ಲ, ಖಾದಿಯನ್ನು ಬಿಡಲಿಲ್ಲ, ಕಾಲೇಜಿನ ವಿದ್ಯಾರ್ಥಿನಿಲಯದ ಒಂದು ಕೋಣೆಯೇ ಅವರ ಮನೆಯಾಗಿದ್ದಿತು.

1962ರಲ್ಲಿ ಅವರು ಬೆಂಗಳೂರು ಸೈನ್ಸ್ ಫೋರಂ ಎಂಬ ಸಂಸ್ಥೆಯನ್ನು ಆರಂಭಿಸಿದರು. ಅದರ ವ್ಯವಸ್ಥೆ ಬಹು ಸರಳ. ವಾರಕ್ಕೊಮ್ಮೆ, ಬುಧವಾರ ಸಂಜೆ, ತಿಳಿದವರೊಬ್ಬರು ಬಂದು ಮಾತನಾಡುವುದು; ಬೇಕಾದವರು ಬಂದು ಕೇಳುವುದು; ಅನಂತರ ಪ್ರಶ್ನೆಗಳು. ಜುಲೈ ತಿಂಗಳಲ್ಲಂತೂ ವಿಜ್ಞಾನದ ಹಬ್ಬವೆಂದು ಉಪನ್ಯಾಸಗಳ ಸಾಲೇ ನಡೆಯುವ ಪದ್ಧತಿ ಬಂದಿತು. ವಿಜ್ಞಾನಿಯ ಎದುರಿಗೆ ಗುಮಾಸ್ತ, ಗೃಹಿಣಿ, ನಿವೃತ್ತ ಮೇಷ್ಟ್ರು, ಹೈಸ್ಕೂಲಿನ ಹುಡುಗ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು, ಸಂಶಯ ಬಂದರೆ ಎದ್ದುನಿಂತು ಕೇಳುವ ಅವಕಾಶವೇ ಆ ಸಂಸ್ಥೆಯ ಜೀವಾಳ.

ಹೀಗೆ ಕೇಳುವುದರಿಂದ ವಿಜ್ಞಾನಕ್ಕೆ ಆಗುವ ಲಾಭವೇನು? ಇದಕ್ಕೆ ನಮ್ಮ ಬೆಂಗಳೂರಿನ ಚರಿತ್ರೆಯಿಂದಲೇ ಒಂದು ನಿದರ್ಶನವನ್ನು ಕೊಡಬಹುದು. ಯಲಹಂಕದಿಂದ ನಗರದೊಳಕ್ಕೆ ಹೋಗುವ ದಾರಿಯಲ್ಲಿ, ಹೆಬ್ಬಾಳವನ್ನು ದಾಟಿದ ಮೇಲೆ ಮೇಖ್ರಿ ವೃತ್ತದ ಬಳಿ, ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ಸಂಶೋಧನಾಲಯವಿದೆ. 1940ರ ದಶಕದಲ್ಲಿ ರಾಮನ್ ಅವರಿಗೂ ಜರ್ಮನ್ ಮೂಲದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರಿಗೂ ಒಂದು ದೊಡ್ಡ ವಾದ ನಡೆಯಿತು. ಸ್ಫಟಿಕದೊಳಗಿನ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬುದು ಪ್ರಶ್ನೆ.

ಸ್ಪ್ರಿಂಗುಗಳಿಂದ ಒಂದಕ್ಕೊಂದು ಜೋಡಿಸಿದ ಗುಂಡುಗಳ ಉದ್ದನೆಯ ಸಾಲನ್ನು ವಾಚಕರು ಕಲ್ಪಿಸಿಕೊಳ್ಳಲಿ. ಒಂದನ್ನು ಅಲುಗಿಸಿದರೆ ಅಲೆಯು ಸಾಲಿನುದ್ದಕ್ಕೂ ಹರಿಯುತ್ತದೆ. ಅಲೆಯ ಉದ್ದ ಬದಲಾದಂತೆ ಕಂಪನದ ವೇಗವೂ ಬದಲಾಗುತ್ತದೆ. ಆದುದರಿಂದ ಕಂಪನಗಳ ಆವೃತ್ತಿಗಳು ಒಂದರ ಪಕ್ಕದಲ್ಲೊಂದು ಒತ್ತಾಗಿ, ಎಡೆಬಿಡದ ಪಟ್ಟಿಯಂತೆ ಇರುತ್ತವೆಂದು ಬಾರ್ನ್ ಅವರ ಸಿದ್ಧಾಂತ. ಹಾಗಲ್ಲ, ಕೆಲವೇ ನಿಶ್ಚಿತ ಆವೃತ್ತಿಗಳು ಮಾತ್ರ ಉಂಟೆಂದು ರಾಮನ್ ಅವರ ವಾದ. ತಮ್ಮ ಪ್ರಯೋಗಗಳಲ್ಲಿ ದೊರೆತ ರೋಹಿತದ ಚೂಪಾದ ಗೆರೆಗಳನ್ನು ಅವರು ಆಧಾರವಾಗಿ ತೋರಿಸಿದರು. ವಾದ ಕಾವೇರಿತು, ಎರಡು ಕಡೆಯೂ ಮನಸ್ಸು ಕಹಿಯಾಯಿತು.

ತೀರ್ಪನ್ನು ಕೊಟ್ಟುದು ಪ್ರಯೋಗ. 1950ರ ದಶಕದಲ್ಲಿ ಕೆನಡಾದ ಬರ್ಟ್ರಮ್ ಬ್ರಾಕ್‌ಹೌಸ್ ಮೊದಲಾದವರು ಸ್ಫಟಿಕಗಳ ಮೇಲೆ ನ್ಯೂಟ್ರಾನುಗಳನ್ನು ಹಾಯಿಸಿ, ಅವು ಚದರುವಾಗ ಕಳೆದುಕೊಂಡ ಅಥವಾ ಪಡೆದುಕೊಂಡ ಶಕ್ತಿಯನ್ನು ಅಳೆದರು. ಆವೃತ್ತಿಗಳು ಅಲೆಯ ಉದ್ದಕ್ಕೆ ತಕ್ಕಂತೆ ಎಡೆಬಿಡದೆ ಬದಲಾಗುತ್ತವೆಂಬುದು ಸ್ಪಷ್ಟವಾಯಿತು. ಬಾರ್ನ್ ಅವರ ಮಾತು ನಿಂತಿತು. ಬ್ರಾಕ್‌ಹೌಸ್ ಅವರಿಗೆ 1994ರಲ್ಲಿ ನೊಬೆಲ್ ಬಹುಮಾನ ಬಂದಿತು.

ರಾಮನ್ ಅವರ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. 1930ರ ನೊಬೆಲ್ ಬಹುಮಾನವನ್ನು ತಂದ ಅವರ ಶೋಧವು ಇಂದಿಗೂ ಅಚಲವಾಗಿದೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಭಾರತದ ಅತ್ಯಂತ ಪ್ರಸಿದ್ಧ ವಿಜ್ಞಾನಿಯ ಮಾತನ್ನೂ ವಿಜ್ಞಾನವು ಪರೀಕ್ಷಿಸದೆ ಒಪ್ಪಲಿಲ್ಲ. ಯಾರು ಹೇಳಿದರೆಂಬುದು ಅಲ್ಲಿ ಪ್ರಮಾಣವಲ್ಲ. ಹೇಳಿದುದನ್ನು ಅಳೆದು ನೋಡಬಹುದೇ ಎಂಬುದು ಪ್ರಮಾಣ.

ಇದೇ ನಿಯಮವನ್ನು ನರಸಿಂಹಯ್ಯನವರು ಪ್ರಯೋಗಶಾಲೆಯ ಹೊರಕ್ಕೆ, ಬೀದಿಗೆ ತಂದರು. ಅವರು 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದರು. 1976ರಲ್ಲಿ ಪವಾಡಗಳನ್ನೂ ಪರೀಕ್ಷೆಗೆ ಒಳಪಡಬಲ್ಲ ಇತರ ಮೂಢನಂಬಿಕೆಗಳನ್ನೂ ಶೋಧಿಸುವುದಕ್ಕಾಗಿ ತಮ್ಮ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ರಚಿಸಿದರು. 'ಪರೀಕ್ಷೆಗೆ ಒಳಪಡಬಲ್ಲ' ಎಂಬ ಮಾತನ್ನು ಗಮನಿಸಬೇಕು. ದೇವರು ಇದ್ದಾನೆಯೇ ಇಲ್ಲವೇ ಎಂಬುದು ಸಮಿತಿಯ ಪ್ರಶ್ನೆಯಾಗಿರಲಿಲ್ಲ. ಬರಿಗೈಯಿಂದ ವಸ್ತು ಹುಟ್ಟಿತೆಂದು ಯಾರಾದರೂ ಹೇಳಿದರೆ, ಆ ಕೈ ನಿಜವಾಗಿಯೂ ಬರಿದಾಗಿತ್ತೇ ಎಂದು ನೋಡುವುದಷ್ಟೇ ಅದರ ಕೆಲಸ.

ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರಿಗೆ ನರಸಿಂಹಯ್ಯನವರು ಮೂರು ಪತ್ರಗಳನ್ನು ಬರೆದು, ನಿಯಂತ್ರಿತ ಸನ್ನಿವೇಶದಲ್ಲಿ ಪವಾಡಗಳನ್ನು ತೋರಿಸಬೇಕೆಂದು ಕೋರಿದರು. ಆ ಕೋರಿಕೆ ನೆರವೇರಲಿಲ್ಲ. ವಿಜ್ಞಾನದ ವಿಚಾರಣೆ ಇಂದ್ರಿಯಗಳಿಗೆ ನಿಲುಕುವ ವಸ್ತುಗಳಿಗೆ ಮಾತ್ರ ಸಲ್ಲತಕ್ಕದ್ದು, ಅಧ್ಯಾತ್ಮವು ಇಂದ್ರಿಯಗಳನ್ನು ಮೀರಿದುದು ಎಂಬುದು ಬಾಬಾ ಅವರ ನಿಲುವು. ಕೈಗೆ ಬಿದ್ದ ವಿಭೂತಿ ಇಂದ್ರಿಯಗಳಿಗೆ ನಿಲುಕುವ ವಸ್ತುವೇ ಅಲ್ಲವೇ ಎಂಬುದು ಭೌತಶಾಸ್ತ್ರದ ಅಧ್ಯಾಪಕನಿಗೆ ಸಹಜವಾಗಿ ಬರುವ ಮರುಪ್ರಶ್ನೆ. ನಾಡಿನ ಪತ್ರಿಕೆಗಳಲ್ಲಿ ಪರ-ವಿರೋಧ ಚರ್ಚೆ ಬಿರುಸಾಗಿ ನಡೆಯಿತು. 1977ರ ಆಗಸ್ಟ್ ತಿಂಗಳಲ್ಲಿ ಸಮಿತಿ ವಿಸರ್ಜಿತವಾಯಿತು. ಆದರೆ ಕೇಳಿದ ಪ್ರಶ್ನೆ ಜನರ ನಡುವೆ ಉಳಿಯಿತು. ವೈಜ್ಞಾನಿಕ ಮನೋಭಾವವನ್ನೂ ಮಾನವೀಯತೆಯನ್ನೂ ಜಿಜ್ಞಾಸೆಯನ್ನೂ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ಪ್ರಜೆಯ ಕರ್ತವ್ಯವೆಂಬ ಮಾತು ನಮ್ಮ ಸಂವಿಧಾನಕ್ಕೆ ಸೇರಿದುದೂ 1976ರ ತಿದ್ದುಪಡಿಯಿಂದಲೇ ಎಂಬುದನ್ನು ಇಲ್ಲಿ ನೆನೆಯಬಹುದು.

ಆ ಕಾಲದ ಚರ್ಚೆ ಎಷ್ಟೇ ಬಿರುಸಾಗಿದ್ದರೂ ಪತ್ರಕ್ಕೆ ಪತ್ರ, ಮಾತಿಗೆ ಮಾತು ಎಂಬ ಮೇರೆಯಲ್ಲಿ ನಡೆದಿತ್ತು. ಎಲ್ಲ ಕಾಲದಲ್ಲಿಯೂ ಹಾಗಾಗಲಿಲ್ಲ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ವಿದ್ವಾಂಸರಾದ ಎಂ. ಎಂ. ಕಲಬುರ್ಗಿಯವರನ್ನು ಅವರ ಮನೆಯ ಬಾಗಿಲಲ್ಲಿಯೇ ಗುಂಡಿಟ್ಟು ಕೊಂದರು. ಗುಂಡಿನಿಂದ ಯಾವ ವಾದವೂ ಗೆದ್ದುದಿಲ್ಲ. ಅದರಿಂದ ಆಗುವುದು ಒಂದೇ: ಮುಂದೆ ಕೇಳಬೇಕೆಂದಿದ್ದವನು ಸುಮ್ಮನಾಗುತ್ತಾನೆ. ತರಗತಿಯ ನಗೆಗೂ ಗುಂಡಿಗೂ ಅಜಗಜಾಂತರವುಂಟು, ನಿಜ. ಆದರೂ ನನ್ನ ಆ ಹುಡುಗ ಸುಮ್ಮನಾದುದನ್ನು ನೆನೆದಾಗ ನನಗೆ ನಾಚಿಕೆಯಾಯಿತು.

ಒಂದು ಚಳಿಗಾಲದ ಮುಂಜಾನೆ ಆ ಹುಡುಗನನ್ನು ನಮ್ಮೂರ ಕೆರೆಯ ಕಡೆಗೆ ಕರೆದೆನು. 2015ರಲ್ಲಿ ಪಕ್ಷಿ ಸಂರಕ್ಷಣೆಯ ಮೀಸಲು ಪ್ರದೇಶವೆಂದು ಸರ್ಕಾರವು ಘೋಷಿಸಿದ ಕೆರೆ ಅದು. ಹೋಗುವ ದಾರಿಯಲ್ಲಿ ಒಂದು ಕಬ್ಬಿಣದ ಗೇಟನ್ನೂ ಪಕ್ಕದ ಮರದ ಹಲಗೆಯನ್ನೂ ಮುಟ್ಟಿ ನೋಡೆಂದೆನು. "ಕಬ್ಬಿಣ ಜಾಸ್ತಿ ತಣ್ಣಗಿದೆ, ಸಾರ್" ಎಂದನು. ಎರಡೂ ಇರುಳೆಲ್ಲ ಒಂದೇ ಗಾಳಿಯಲ್ಲಿದ್ದು ಒಂದೇ ತಾಪಕ್ಕೆ ಬಂದಿವೆ. ಆದರೆ ಕಬ್ಬಿಣವು ನಮ್ಮ ಕೈಯ ಶಾಖವನ್ನು ಬೇಗನೆ ಎಳೆದುಕೊಳ್ಳುತ್ತದೆ, ಮರ ನಿಧಾನವಾಗಿ ಎಳೆದುಕೊಳ್ಳುತ್ತದೆ. ಚರ್ಮಕ್ಕೆ ತಿಳಿಯುವುದು ವಸ್ತುವಿನ ತಾಪವಷ್ಟೇ ಅಲ್ಲ, ಶಾಖ ಹರಿಯುವ ವೇಗವೂ ಹೌದು ಎಂದು ವಿವರಿಸಿದೆನು.

ಕೊಂಡದ ಗುಟ್ಟೂ ಇಲ್ಲಿಯೇ ಇದೆ. ಕೆಂಡದ ತಾಪ ನೂರಾರು ಡಿಗ್ರಿಗಳಷ್ಟಿದ್ದರೂ ಇದ್ದಿಲು ಹಗುರ. ಅದರಲ್ಲಿ ಅಡಗಿರುವ ಶಾಖ ಕಡಮೆ, ಶಾಖವನ್ನು ಸಾಗಿಸುವ ಶಕ್ತಿ ಇನ್ನೂ ಕಡಮೆ. ಮೇಲೆ ಕವಿದ ಬೂದಿ ಮತ್ತಷ್ಟು ತಡೆಯೊಡ್ಡುತ್ತದೆ. ಹೆಜ್ಜೆಯೊಂದು ಕೆಂಡದ ಮೇಲಿರುವುದು ಒಂದು ಸೆಕೆಂಡಿಗಿಂತ ಕಡಮೆ ಕಾಲ. ಅಷ್ಟರೊಳಗೆ ಅಂಗಾಲಿಗೆ ಸೇರುವ ಶಾಖ ಬೊಬ್ಬೆ ಏಳಿಸಲು ಅನೇಕ ವೇಳೆ ಸಾಲದು. ಅದೇ ತಾಪದ ಕಬ್ಬಿಣದ ಹಲಗೆಯ ಮೇಲೆ ಕಾಲಿಟ್ಟರೆ ಯಾರ ಕಾಲೂ ಉಳಿಯಲಾರದು. ಕೆಂಡದಲ್ಲಿಯೂ ಎಡವಿದವರು, ತಡೆದು ನಿಂತವರು ಸುಟ್ಟುಕೊಂಡಿರುವುದುಂಟು. ಆದುದರಿಂದ ಇದನ್ನು ಯಾರೂ ಪ್ರಯೋಗಿಸಿ ನೋಡತಕ್ಕದ್ದಲ್ಲ.

ಹುಡುಗನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಇದನ್ನ ಅಜ್ಜಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾರೆ, ಸಾರ್" ಎಂದನು. "ಹೇಳಬೇಡ, ಮೊದಲು ಕೇಳು. ಹೇಗೆ ನಡೆದರು, ಏನು ಜಾಗ್ರತೆ ವಹಿಸಿದರು ಎಂದು ಕೇಳು" ಎಂದೆನು.

ಮುಂದಿನ ವಾರ ಅವನೇ ನನ್ನನ್ನು ಹುಡುಕಿಕೊಂಡು ಬಂದನು. ಅಜ್ಜಿ ಹೇಳಿದ ಮಾತನ್ನು ಅವನ ಬಾಯಲ್ಲಿಯೇ ಕೇಳಿದೆನು: "ನಿಂತರೆ ಸುಡುತ್ತೆ ಕಣೋ, ಅದು ನಮಗೂ ಗೊತ್ತು. ಕೆಂಡ ಹದವಾಗಿ ಹರಡಬೇಕು, ಕಾಲು ಎತ್ತಿ ಎತ್ತಿ ಸರಸರ ಹೋಗಬೇಕು. ಹಾಗಂತ ಅಮ್ಮ ಕಾಪಾಡಲಿಲ್ಲ ಅಂತ ನಾನು ಯಾಕೆ ಹೇಳಲಿ?"

ಅಜ್ಜಿಯ ಮಾತಿನ ಮೊದಲ ಭಾಗ ಒಳ್ಳೆಯ ವೀಕ್ಷಣೆ. ನನ್ನ ಪಾಠದ ಅರ್ಧವನ್ನು ಆಕೆ ಪುಸ್ತಕವಿಲ್ಲದೆ ಬಲ್ಲವರು. ಎರಡನೆಯ ಭಾಗ ಆಕೆಯ ನಂಬಿಕೆ; ಅದನ್ನು ಅಳೆಯುವ ಉಪಕರಣ ನನ್ನಲ್ಲಿಲ್ಲ. ಪರೀಕ್ಷಿಸಬಲ್ಲದ್ದನ್ನು ಪರೀಕ್ಷಿಸಬೇಕೆಂದು ನರಸಿಂಹಯ್ಯನವರು ಎಳೆದ ಗೆರೆ ಅಜ್ಜಿಯ ಅಂಗಳದಲ್ಲಿಯೂ ಕೆಲಸಕ್ಕೆ ಬಂದಿತು.

ಅವರಿಗೆ 1984ರಲ್ಲಿ ಪದ್ಮಭೂಷಣ ಪ್ರಶಸ್ತಿ ಸಂದಿತು. ಅಧ್ಯಾಪಕನಾದವನು ಅವರಿಗೆ ಸಲ್ಲಿಸಬಹುದಾದ ಗೌರವ ಬೇರೆ ಬಗೆಯದು. ಈಗ ನನ್ನ ತರಗತಿಯ ಕೊನೆಯ ಹತ್ತು ನಿಮಿಷ ಪ್ರಶ್ನೆಗಳಿಗೆ ಮೀಸಲು. ಉತ್ತರ ತಿಳಿಯದಿದ್ದರೆ ತಿಳಿಯದೆಂದು ಹೇಳಿ, ಓದಿಕೊಂಡು ಬರುತ್ತೇನೆ. ಹಿಂದಿನ ಬೆಂಚಿನ ಆ ಹುಡುಗ ಮೊನ್ನೆ ಮತ್ತೆ ಕೈಯೆತ್ತಿದನು. ಮೊಸರು ಚಳಿಗಾಲದಲ್ಲಿ ಏಕೆ ಬೇಗ ಹೆಪ್ಪುಗಟ್ಟುವುದಿಲ್ಲವೆಂಬುದು ಅವನ ಪ್ರಶ್ನೆ. ಈ ಸಲ ಯಾರೂ ನಗಲಿಲ್ಲ.